ಸಂಧಿವಿಗ್ರಹಿಯ ಸೀಮೆ

ನವಲಗುಂದ, ನರಗುಂದಗಳ ಎರೆಹೊಲಗಳ ನೀರನ್ನೆಲ್ಲ ಒಡಲಲ್ಲಿ ತುಂಬಿಕೊಂಡು ಬರುವ ಬೆಣ್ಣೆಹಳ್ಳವು ರೋಣ ತಾಲ್ಲೂಕಿನ ಮೆಣಸಗಿಯ ಬಳಿಯಲ್ಲಿ ಮಲಪ್ರಭೆಯನ್ನು ಕೂಡುವುದು. ಕೂಡಿದ ಮೇಲೆ ಹಳ್ಳದ ಹೆಸರು ಅಳಿಯುವುದಾದರೂ ಅದು ಹೊತ್ತು ತಂದ ಮಣ್ಣು ಹೊಳೆಯ ಎರಡೂ ದಂಡೆಗಳಲ್ಲಿ ಉಳಿದು, ಯಾವ ನೀರಿನಿಂದ ಬಂದುದೆಂದು ಯಾರೂ ಕೇಳದಂತೆ, ಜೋಳವನ್ನೂ ಹತ್ತಿಯನ್ನೂ ಬೆಳೆಯುವುದು. ಭಾಷಾಂತರಕಾರನ ಬಾಳನ್ನು ನೆನೆದಾಗಲೆಲ್ಲ ನನಗೆ ಈ ಸಂಗಮವು ಕಣ್ಣಮುಂದೆ ಬರುತ್ತದೆ.

'ಕವಿರಾಜಮಾರ್ಗ'ವು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ನಾಡನ್ನು ಕನ್ನಡದ ತಿರುಳೆಂದು ಕೊಂಡಾಡಿದೆಯಷ್ಟೆ. ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಮಲಪ್ರಭಾತೀರದ ಒಕ್ಕುಂದಗಳನ್ನು ಗೆರೆಯೆಳೆದು ಕೂಡಿಸಿದರೆ ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯು ಆ ತಿರುಳಿನ ಮಡಿಲಲ್ಲಿಯೇ ಇರುವುದನ್ನು ಕಾಣಬಹುದು. ತಿರುಳೆಂದೊಡನೆ ಪರಭಾಷೆಯ ಸೋಂಕಿಲ್ಲದ ಅಚ್ಚಗನ್ನಡದ ಭೂಮಿಯೆಂದು ಭಾವಿಸುವುದು ಸಹಜ. ಆದರೆ ಈ ಸೀಮೆಯ ಚರಿತ್ರೆಯನ್ನು ಸಾವಧಾನದಿಂದ ಓದಿದವನಿಗೆ, ಇಲ್ಲಿ ಕನ್ನಡವು ತಿರುಳಾದುದು ಅನ್ಯಭಾಷೆಗಳನ್ನು ದೂರವಿಟ್ಟುದರಿಂದಲ್ಲ, ಒಂದೊಂದು ಯುಗದಲ್ಲಿ ಒಂದೊಂದು ಅನ್ಯಭಾಷೆಯನ್ನು ಮನೆಯೊಳಗೆ ಕರೆದು ಕೂಡಿಸಿ, ಅದರೊಡನೆ ಮಾತನಾಡಿ, ತನ್ನತನವನ್ನು ಆ ಮಾತಿನಲ್ಲಿ ಅರಿತುಕೊಂಡುದರಿಂದ ಎಂಬುದು ಮನಸ್ಸಿಗೆ ಬಾರದೆ ಇರದು. ಆ ಲಕ್ಷಣಗ್ರಂಥವಾದರೂ ದಂಡಿಯ 'ಕಾವ್ಯಾದರ್ಶ'ವನ್ನು ಪಕ್ಕದಲ್ಲಿಟ್ಟುಕೊಂಡು, ಕೊಳ್ಳುವಷ್ಟನ್ನು ಕೊಂಡು ಬಿಡುವಷ್ಟನ್ನು ಬಿಟ್ಟು, ಕನ್ನಡದ ಹದವನ್ನು ನಿರ್ಣಯಿಸಿದ ಕೃತಿಯಲ್ಲವೇ?

ವಿಶ್ವವಿದ್ಯಾಲಯಗಳಲ್ಲಿ ಇಂದು ತೌಲನಿಕ ಸಾಹಿತ್ಯವೆಂದೂ ಭಾಷಾಂತರ ಅಧ್ಯಯನವೆಂದೂ ಕರೆಯಲ್ಪಡುವ ಶಾಸ್ತ್ರದ ವಂಶಾವಳಿಯನ್ನು ಹೇಳುವಾಗ, ಜರ್ಮನಿಯ ಗಯಟೆಯು 1827ರಲ್ಲಿ ವಿಶ್ವಸಾಹಿತ್ಯದ ಮಾತನ್ನಾಡಿದುದನ್ನೂ, ರವೀಂದ್ರನಾಥ ಠಾಕೂರರು 1907ರಲ್ಲಿ ಕಲಕತ್ತೆಯಲ್ಲಿ ಅದೇ ವಿಷಯವಾಗಿ ಉಪನ್ಯಾಸ ಕೊಟ್ಟುದನ್ನೂ, ಬುದ್ಧದೇವ ಬಸು ಅವರು 1956ರಲ್ಲಿ ಜಾದವಪುರ ವಿಶ್ವವಿದ್ಯಾಲಯದಲ್ಲಿ ತೌಲನಿಕ ಸಾಹಿತ್ಯದ ವಿಭಾಗವನ್ನು ತೆರೆದುದನ್ನೂ ಕ್ರಮವಾಗಿ ಸ್ಮರಿಸುವುದು ವಾಡಿಕೆಯಾಗಿದೆ. ಈ ಸ್ಮರಣೆ ಯುಕ್ತವಾದುದೇ. ಆದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೋ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೋ ಓದಲು ಹೊರಟ ರೋಣದ ತರುಣನೊಬ್ಬನಿಗೆ ಅಥವಾ ತರುಣಿಯೊಬ್ಬಳಿಗೆ, ತಾನು ಕಲಿಯಹೊರಟ ವಿದ್ಯೆಯು ತನ್ನ ಊರಿನ ಮಗ್ಗುಲಲ್ಲಿಯೇ ಸುಮಾರು ಸಾವಿರ ವರ್ಷಗಳ ಹಿಂದೆ ಬೇರುಬಿಟ್ಟ ವಿದ್ಯೆಯೆಂದು ಹೇಳುವವರು ವಿರಳ. ಅದನ್ನು ಹೇಳುವುದಕ್ಕಾಗಿಯೇ ಈ ಬರಹ.

ರೋಣಕ್ಕೆ ಸಮೀಪದ ಸವಡಿಯು ಇಂದು ಸಾಮಾನ್ಯವಾದ ಒಂದು ಹಳ್ಳಿ. ಹನ್ನೊಂದನೆಯ ಶತಮಾನದಲ್ಲಿ ಅದು ಕಿಸುಕಾಡು ನಾಡಿಗೆ ಸೇರಿದ ಸಯ್ಯಡಿಯೆಂಬ ಅಗ್ರಹಾರವಾಗಿದ್ದಿತು. ಕಿಸುಕಾಡು ಎಪ್ಪತ್ತು ಎಂಬ ಆ ನಾಡನ್ನು ಕಲ್ಯಾಣದ ಚಾಲುಕ್ಯವಂಶದ ರಾಜಪುತ್ರಿಯಾದ ಅಕ್ಕಾದೇವಿಯು ಆಳುತ್ತಿದ್ದಳೆಂಬುದನ್ನು ಗಜೇಂದ್ರಗಡದ ಬಳಿಯ ಸೂಡಿಯ ಶಾಸನಗಳು ತಿಳಿಸುತ್ತವೆ. ಅಕ್ಕಾದೇವಿಯ ಸಹೋದರನಾದ ಜಗದೇಕಮಲ್ಲ ಜಯಸಿಂಹನು ತೆಂಕಣದಲ್ಲಿ ಚೋಳರೊಡನೆಯೂ ಬಡಗಣದಲ್ಲಿ ಮಾಳವದ ಭೋಜನೊಡನೆಯೂ ಹೋರಾಡುತ್ತಿದ್ದ ಕಾಲದಲ್ಲಿ, ಅವನ ಆಸ್ಥಾನದಲ್ಲಿ ಸಂಧಿವಿಗ್ರಹಿಯ ಪದವಿಯಲ್ಲಿದ್ದ ಸಯ್ಯಡಿಯ ದುರ್ಗಸಿಂಹನು ಸುಮಾರು 1031ರಲ್ಲಿ ಕನ್ನಡದ 'ಪಂಚತಂತ್ರ'ವನ್ನು ಚಂಪೂರೂಪದಲ್ಲಿ ರಚಿಸಿದನು. ದೇಶಭಾಷೆಗಳಲ್ಲಿ ರಚಿತವಾಗಿ ಇಂದಿಗೆ ಉಳಿದು ಬಂದಿರುವ ಪಂಚತಂತ್ರಗಳಲ್ಲಿ ಇದು ಅತ್ಯಂತ ಪ್ರಾಚೀನವಾದುದೆಂದು ವಿದ್ವಾಂಸರು ಮನ್ನಿಸಿದ್ದಾರೆ.

ಸಂಧಿವಿಗ್ರಹಿಯೆಂದರೆ ಪರರಾಜರೊಡನೆ ಯಾವಾಗ ಕೂಡಬೇಕು, ಯಾವಾಗ ಕಾದಬೇಕು ಎಂಬುದನ್ನು ನಿಶ್ಚಯಿಸಿ, ಅದಕ್ಕೆ ತಕ್ಕ ಪತ್ರಗಳನ್ನು ಬರೆಯಿಸುವ ಸಚಿವ. ಆದರೆ ಸಂಧಿ, ವಿಗ್ರಹ ಎಂಬ ಈ ಎರಡು ಪದಗಳಿಗೆ ರಾಜನೀತಿಯಲ್ಲಿರುವಂತೆ ವ್ಯಾಕರಣದಲ್ಲಿಯೂ ಅರ್ಥವುಂಟು. ಎರಡು ವರ್ಣಗಳು ಒಂದನ್ನೊಂದು ಸೋಂಕಿ, ತುಸು ಬದಲಾಗಿ, ಒಂದಾಗುವುದು ಸಂಧಿ. ಸಮಾಸವಾಗಿ ಬೆಸೆದುಕೊಂಡ ಪದವನ್ನು ಬಿಡಿಸಿ ಅದರ ಅಂಗಾಂಗಗಳ ಸಂಬಂಧವನ್ನು ತೋರಿಸುವುದು ವಿಗ್ರಹ. ಭಾಷಾಂತರದ ಕೆಲಸವೆಲ್ಲವೂ ಈ ಎರಡು ಕ್ರಿಯೆಗಳಲ್ಲಿ ಅಡಗಿದೆಯೆಂದು ನನ್ನ ನಂಬಿಕೆ. ಮೂಲವನ್ನು ಮೊದಲು ಬಿಡಿಸಬೇಕು. ಪದವು ಪದಕ್ಕೆ, ಭಾವವು ಭಾವಕ್ಕೆ ಹೇಗೆ ಹೆಣೆದಿದೆಯೆಂದು ನಿರ್ದಾಕ್ಷಿಣ್ಯವಾಗಿ ಪರೀಕ್ಷಿಸಬೇಕು. ಆಮೇಲೆ ಅದನ್ನು ತನ್ನ ನುಡಿಯ ವರ್ಣಗಳೊಡನೆ ಕೂಡಿಸಬೇಕು. ಕೂಡುವಾಗ ಎರಡು ಕಡೆಯೂ ತುಸು ಬದಲಾಗುವುದನ್ನು ಒಪ್ಪಿಕೊಳ್ಳಬೇಕು. ವಿಗ್ರಹವಿಲ್ಲದ ಸಂಧಿಯು ಅನುಕರಣವಾಗುವುದು. ಸಂಧಿಯಿಲ್ಲದ ವಿಗ್ರಹವು ಬರಿಯ ಟಿಪ್ಪಣಿಯಾಗುವುದು.

ದುರ್ಗಸಿಂಹನು ಈ ಎರಡನ್ನೂ ಬಲ್ಲವನಾಗಿದ್ದನು. ತನ್ನ ಕೃತಿಯು ಎಲ್ಲಿಂದ ಬಂದಿತೆಂಬುದನ್ನು ಅವನು ಮರೆಮಾಡಲಿಲ್ಲ. ಗುಣಾಢ್ಯನು ಪೈಶಾಚಿಯಲ್ಲಿ 'ಬೃಹತ್ಕಥೆ'ಯನ್ನು ರಚಿಸಿದುದನ್ನೂ, ಅದರೊಳಗಿಂದ ವಸುಭಾಗಭಟ್ಟನು ಐದು ಕಥೆಗಳನ್ನು ಆಯ್ದು ಸಂಸ್ಕೃತದಲ್ಲಿ ಪಂಚತಂತ್ರವನ್ನಾಗಿಸಿದುದನ್ನೂ, ಅದನ್ನು ತಾನು ಹೊಸತೆನಿಸುವಂತೆ ಕನ್ನಡದಲ್ಲಿ ಹೇಳುತ್ತಿರುವುದನ್ನೂ ಅವನು ಗ್ರಂಥಾರಂಭದಲ್ಲಿಯೇ ನಿವೇದಿಸಿದನು. ಅದರ ಜೊತೆಗೆ, ವಾಲ್ಮೀಕಿ, ವ್ಯಾಸ, ಕಾಳಿದಾಸ, ಬಾಣ, ದಂಡಿ ಮೊದಲಾದ ಸಂಸ್ಕೃತಕವಿಗಳನ್ನು ನೆನೆದಂತೆಯೇ ಶ್ರೀವಿಜಯ, ಕನ್ನಮಯ್ಯ, ಅಸಗ, ಪಂಪ, ಪೊನ್ನ ಮೊದಲಾದ ಕನ್ನಡ ಕವಿಗಳನ್ನೂ ನೆನೆದನು. ಇದು ರೂಢಿಯ ಕವಿಸ್ತುತಿಯೆಂದು ಪಕ್ಕಕ್ಕೆ ಸರಿಸುವಂತಹದಲ್ಲ. ಎರಡು ಭಾಷೆಗಳ ಕವಿಗಳನ್ನು ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲಿ ಸಮವಾಗಿ ಇಟ್ಟು ನೋಡುವ ಧೈರ್ಯವೇ ತುಲನೆಯ ಮೊದಲ ಪಾಠ; ಆ ಪಾಠವು ಇಲ್ಲಿ ಕಾಣಬರುತ್ತದೆ.

ಕೃತಿಯ ಕಟ್ಟಡದಲ್ಲಿಯೂ ಒಂದು ಸ್ವಾರಸ್ಯವುಂಟು. ಸಾಮಾನ್ಯವಾಗಿ ಬಳಕೆಯಲ್ಲಿರುವ ವಿಷ್ಣುಶರ್ಮನ ಪಾಠದಲ್ಲಿ ಮಿತ್ರಭೇದದ ಬೆನ್ನಿಗೇ ಮಿತ್ರಪ್ರಾಪ್ತಿಯು ಬರುವುದು. ಗ್ರಂಥವು ವಿಚಾರಮಾಡದೆ ಕೆಲಸಮಾಡಿ ಪಶ್ಚಾತ್ತಾಪಪಡುವವರ ಕಥೆಯಲ್ಲಿ ಮುಗಿಯುವುದು. ದುರ್ಗಸಿಂಹನಲ್ಲಿ ತಂತ್ರಗಳ ಕ್ರಮವು ಭೇದ, ಪರೀಕ್ಷಾ, ವಿಶ್ವಾಸ, ವಂಚನಾ, ಮಿತ್ರಕಾರ್ಯ ಎಂದಿದೆ. ಸಿಂಹಕ್ಕೂ ಎತ್ತಿಗೂ ನಡುವಣ ಗೆಳೆತನವು ನರಿಯ ಮಾತಿನಿಂದ ಮುರಿದುಬೀಳುವಲ್ಲಿ ಮೊದಲಾದ ಗ್ರಂಥವು, ಪರೀಕ್ಷೆಯನ್ನೂ ವಂಚನೆಯನ್ನೂ ಹಾಯ್ದು, ಗೆಳೆಯರು ಒಬ್ಬರಿಗೊಬ್ಬರು ಒದಗುವಲ್ಲಿ ಮಂಗಳವಾಗುವುದು. ಈ ಕ್ರಮವು ವಸುಭಾಗನ ಪರಂಪರೆಯದು. ಆದರೂ ವಿಗ್ರಹದಲ್ಲಿ ತೊಡಗಿ ಸಂಧಿಯಲ್ಲಿ ಮುಗಿಯುವ ಇಂತಹ ಗ್ರಂಥವು ಒಬ್ಬ ಸಂಧಿವಿಗ್ರಹಿಯ ಮನಸ್ಸನ್ನು ಸೆಳೆದುದರಲ್ಲಿ ಆಶ್ಚರ್ಯವೇನಿದೆ? ಪಂಚತಂತ್ರದ ವಂಶದಲ್ಲಿಯೇ ಹುಟ್ಟಿದ 'ಹಿತೋಪದೇಶ'ದ ಕೊನೆಯ ಎರಡು ಭಾಗಗಳ ಹೆಸರುಗಳೂ ವಿಗ್ರಹ ಮತ್ತು ಸಂಧಿ ಎಂದೇ ಇರುವುದನ್ನು ಇಲ್ಲಿ ನೆನೆಯಬಹುದು.

ಪಂಚತಂತ್ರದಷ್ಟು ದೂರ ಪಯಣಮಾಡಿದ ಭಾರತೀಯ ಗ್ರಂಥವು ಇನ್ನೊಂದಿಲ್ಲ. ಆರನೆಯ ಶತಮಾನದಲ್ಲಿ ಪಾರಸಿಕದ ಖುಸ್ರೋ ಅನುಶೀರ್ವಾನನ ವೈದ್ಯನಾದ ಬುರ್ಜೋಯನು ಅದನ್ನು ಪಹ್ಲವಿಗೆ ತಂದನು. ಅದರಿಂದ ಸಿರಿಯಾಕ್ ಭಾಷೆಗೆ ಒಂದು ಕವಲು ಹೋಯಿತು. ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್-ಮುಕಫ್ಫನು ಅರಬ್ಬಿಗೆ ತಿರುಗಿಸಿದಾಗ ಕರಟಕ-ದಮನಕರೆಂಬ ನಮ್ಮ ನರಿಗಳು ಕಲೀಲ-ದಿಮ್ನರಾದರು. ಅರಬ್ಬಿಯಿಂದ ಗ್ರೀಕಿಗೂ ಹೀಬ್ರೂವಿಗೂ, ಹೀಬ್ರೂವಿನಿಂದ ಲ್ಯಾಟಿನ್ನಿಗೂ, ಅಲ್ಲಿಂದ ಯೂರೋಪಿನ ದೇಶಭಾಷೆಗಳಿಗೂ ಹರಿದು, 1570ರಲ್ಲಿ ಥಾಮಸ್ ನಾರ್ತನ ಕೈಯಲ್ಲಿ ಇಂಗ್ಲಿಷಾಯಿತು. 1859ರಲ್ಲಿ ಜರ್ಮನಿಯ ಥಿಯೋಡರ್ ಬೆನ್ಫೈ ಅವರು ಪಂಚತಂತ್ರವನ್ನು ತಮ್ಮ ಭಾಷೆಗೆ ತಂದು, ಅದಕ್ಕೆ ಬರೆದ ವಿಸ್ತಾರವಾದ ಪೀಠಿಕೆಯಲ್ಲಿ ಈ ಸಂಚಾರದ ಜಾಡನ್ನು ಹಿಡಿದರು. ಕಥೆಗಳ ತೌಲನಿಕ ಅಧ್ಯಯನಕ್ಕೆ ಆ ಪೀಠಿಕೆಯು ಅಡಿಗಲ್ಲಾಯಿತು. ಆಮೇಲೆ ಯೋಹಾನ್ನೆಸ್ ಹರ್ಟೆಲ್ ಅವರು ಲೆಕ್ಕವಿಟ್ಟಂತೆ ಐವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಇನ್ನೂರಕ್ಕೂ ಮೀರಿದ ಪಂಚತಂತ್ರಪಾಠಗಳಿವೆ.

ಪಶ್ಚಿಮದತ್ತ ಹೋದ ಈ ಹೆದ್ದಾರಿಯನ್ನು ಯೂರೋಪಿನ ಪಂಡಿತರು ಚೆನ್ನಾಗಿ ಬಲ್ಲರು. ಪೂರ್ವದತ್ತ ಹೋದ ದಾರಿಯು ಬೆಳಕಿಗೆ ಬರುವಲ್ಲಿ ನಮ್ಮ ಸವಡಿಯ ಪಾಲು ಹಿರಿದು. ಮೈಸೂರು ಸೀಮೆಯವರಾಗಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ವ್ಯಾಸಂಗಮಾಡಿ ಬಂದ ಅ. ವೆಂಕಟಸುಬ್ಬಯ್ಯನವರು 1920ರ ದಶಕದ ಕೊನೆಯಿಂದ ಮೊದಲ್ಗೊಂಡು ದುರ್ಗಸಿಂಹನ ಕೃತಿಯನ್ನು ಇತರ ಪಾಠಗಳೊಡನೆ ಕಥೆಗೆ ಕಥೆಯನ್ನು, ಹೆಸರಿಗೆ ಹೆಸರನ್ನು ಇಟ್ಟು ಹೋಲಿಸಿ ಬರೆದರು. ವಸುಭಾಗನ ಸಂಸ್ಕೃತ ಗ್ರಂಥವಾದರೋ ಇಂದು ದೊರೆಯುವುದಿಲ್ಲ. ಗುಣಾಢ್ಯನ ಪೈಶಾಚಿ ಗ್ರಂಥವೂ ಕಳೆದುಹೋಗಿದೆ. ಆದರೆ ಜಾವಾದ್ವೀಪದ 'ತಂತ್ರಿ' ಕಥೆಗಳಲ್ಲಿಯೂ ಸಯಾಮ್, ಲಾವೋಸ್ ದೇಶಗಳ ಅದೇ ಬಗೆಯ ಕಥೆಗಳಲ್ಲಿಯೂ ಉಳಿದಿರುವುದು ಈ ವಸುಭಾಗನ ಕವಲೇ ಎಂಬುದನ್ನು ಸ್ಥಾಪಿಸಲು ವಿದ್ವಾಂಸರಿಗೆ ಒದಗಿದ ಪ್ರಮುಖ ಸಾಕ್ಷ್ಯಗಳಲ್ಲಿ ಕನ್ನಡ ಪಂಚತಂತ್ರವು ಒಂದು. ಮೂಲಗಳೆರಡೂ ಅಳಿದ ಮೇಲೆ ಭಾಷಾಂತರವೇ ಮೂಲಕ್ಕೆ ಸಾಕ್ಷಿಯಾಗಿ ನಿಂತಿತು. ಕಿಸುಕಾಡಿನ ಅಗ್ರಹಾರದವನೊಬ್ಬನ ಓಲೆಗರಿಗಳು ಸಮುದ್ರದಾಚೆಯ ದ್ವೀಪದ ಕಥೆಗೆ ಬಂಧುತ್ವದ ಪತ್ರವಾದುವು. ಭಾಷಾಂತರವನ್ನು ಮೂಲಕ್ಕಿಂತ ಕೀಳೆಂದು ಎಣಿಸುವವರು ಈ ಒಂದು ಸಂಗತಿಯನ್ನು ಮನನಮಾಡಬೇಕು.

ದುರ್ಗಸಿಂಹನ ತರುವಾಯ ಏಳು ಶತಮಾನಗಳು ಕಳೆದುವು. ಸಂಸ್ಕೃತವು ನಿಂತಿದ್ದ ಎಡೆಯಲ್ಲಿ ರಾಜ್ಯಭಾರದ ಭಾಷೆಗಳಾಗಿ ಪಾರಸಿಯೂ ಮರಾಠಿಯೂ ಬಂದು ನಿಂತುವು. ನರಗುಂದದಲ್ಲಿ ಭಾವೆ ಮನೆತನದವರು, ಗಜೇಂದ್ರಗಡದಲ್ಲಿ ಘೋರ್ಪಡೆಯವರು. ಗುಡ್ಡದ ಮೇಲಣ ಕೋಟೆಯಲ್ಲಿ ಮೋಡಿ ಅಕ್ಷರದ ಮರಾಠಿ, ಗುಡ್ಡದ ಕೆಳಗಣ ಪೇಟೆಯಲ್ಲಿಯೂ ಹೊಲದಲ್ಲಿಯೂ ಕನ್ನಡ. 1785ರಲ್ಲಿ ಟಿಪ್ಪುಸುಲ್ತಾನನ ಸೇನೆಯು ನರಗುಂದವನ್ನು ಹಿಡಿಯಿತು. ಅದರಿಂದ ಬೆಳೆದ ಮರಾಠ-ಮೈಸೂರು ಯುದ್ಧವು 1787ರಲ್ಲಿ ಗಜೇಂದ್ರಗಡದ ಒಪ್ಪಂದದಿಂದ ಕೊನೆಗೊಂಡು, ಬಾದಾಮಿ, ಕಿತ್ತೂರುಗಳೊಡನೆ ನರಗುಂದವೂ ಮರಾಠರ ಪಾಲಿಗೆ ಬಂದಿತು. ನರಗುಂದದಲ್ಲಿ ವಿಗ್ರಹ, ಗಜೇಂದ್ರಗಡದಲ್ಲಿ ಸಂಧಿ! ಪೇಶವೆಯ ಕಚೇರಿಯ ಭಾಷೆ ಮರಾಠಿ, ಟಿಪ್ಪುವಿನ ದಫ್ತರದ ಭಾಷೆ ಪಾರಸಿ, ಊರು ಕೇರಿಗಳ ಭಾಷೆ ಕನ್ನಡ ಆಗಿದ್ದ ಆ ದಿನಗಳಲ್ಲಿ, ಎರಡು ನುಡಿಗಳನ್ನು ಬಲ್ಲ ದುಭಾಷಿಯ ನಾಲಗೆಯನ್ನು ನಂಬದೆ ಯಾವ ಕರಾರೂ ನಡೆಯುವಂತಿರಲಿಲ್ಲ. 'ತರ್ಜುಮೆ' ಎಂಬ ಪದವು ಅರಬ್ಬಿಯಿಂದ ಹೊರಟು, ಪಾರಸಿಯ ದಫ್ತರಗಳನ್ನು ಹಾಯ್ದು, ನಮ್ಮ ಕಡೆಯ ಕುಲಕರ್ಣಿ-ಶಾನುಭೋಗರ ಬಾಯಲ್ಲಿ ನೆಲಸಿದುದು ಇಂತಹ ವ್ಯವಹಾರದ ಬಳುವಳಿಯಾಗಿಯೇ. ಅನುವಾದ, ಭಾಷಾಂತರ, ತರ್ಜುಮೆ ಎಂಬ ಮೂರು ಪದಗಳು ಇಂದಿಗೂ ಒಟ್ಟಿಗೆ ಬಾಳುತ್ತಿರುವುದನ್ನು ನೋಡಿದರೆ, ನಮ್ಮ ನುಡಿಯು ಯಾರ ಯಾರ ಮನೆಯ ನೀರನ್ನು ಕುಡಿದಿದೆಯೆಂಬುದು ಗೊತ್ತಾಗುವುದು.

ನರಗುಂದದ ಕೊನೆಯ ಅರಸನಾದ ಭಾಸ್ಕರರಾವ್ ಭಾವೆಯನ್ನು, ಅರ್ಥಾತ್ ಬಾಬಾಸಾಹೇಬನನ್ನು, ನಾವು ವೀರನೆಂದು ಬಲ್ಲೆವು. ದತ್ತಕದ ಅನುಮತಿಯನ್ನು ಆಂಗ್ಲರು ನಿರಾಕರಿಸಿದ ಮೇಲೆ 1858ರ ಮೇ ತಿಂಗಳಿನಲ್ಲಿ ಅವನು ಬಂಡೆದ್ದುದು, ಸುರೇಬಾನದಲ್ಲಿ ಮ್ಯಾನ್‌ಸನ್ ಎಂಬ ಅಧಿಕಾರಿಯು ಹತನಾದುದು, ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದುದು, ಇವೆಲ್ಲವೂ ಪ್ರಸಿದ್ಧವಾದ ಸಂಗತಿಗಳು. ಸಾವಿರಾರು ಸಂಸ್ಕೃತ ಗ್ರಂಥಗಳನ್ನು ಸಂಗ್ರಹಿಸಿದ ವಿದ್ಯಾಪ್ರಿಯನೂ ಅವನಾಗಿದ್ದನೆಂಬುದು ಅಷ್ಟೊಂದು ಪ್ರಚಾರವನ್ನು ಪಡೆದಿಲ್ಲ. ಮನೆಮಾತು ಮರಾಠಿ, ವಿದ್ಯೆಯ ಮಾತು ಸಂಸ್ಕೃತ, ಪ್ರಜೆಗಳ ಮಾತು ಕನ್ನಡ ಆಗಿದ್ದ ಅರಮನೆಯೊಂದು, ಅಂತಹ ಗ್ರಂಥರಾಶಿಯನ್ನು ಇಟ್ಟುಕೊಂಡು, ಇನ್ನೊಂದು ಅರ್ಧಶತಮಾನ ಬಾಳಿದ್ದರೆ ಈ ಸೀಮೆಯ ವಿದ್ಯಾಚರಿತ್ರೆಯು ಯಾವ ದಾರಿಯನ್ನು ಹಿಡಿಯುತ್ತಿತ್ತೋ ಎಂದು ನೆನೆದು ನಿಟ್ಟುಸಿರಿಡದೆ ಇರಲಾಗುವುದಿಲ್ಲ.

ಬಂಡಾಯವು ಅಡಗಿದ ಮೇಲೆ ಭಾಷಾಂತರದ ಕೇಂದ್ರವು ಧಾರವಾಡಕ್ಕೆ ಹೋಯಿತು. ಮರಾಠಿ ಶಾಲೆಗಳ ನಡುವೆ ಕನ್ನಡದ ಶಾಲೆಗಳನ್ನು ಕಟ್ಟಲು ಹೆಣಗಿದ ಡೆಪ್ಯುಟಿ ಚನ್ನಬಸಪ್ಪನವರು ಶೇಕ್ಸ್‌ಪಿಯರನ ಪ್ರಹಸನವೊಂದನ್ನು 'ನಗದವರನ್ನು ನಗಿಸುವ ಕಥೆ'ಯೆಂಬ ಹೆಸರಿನಿಂದ 1871ರಲ್ಲಿ ಕನ್ನಡಿಸಿದರು. ಅದೇ ಸುಮಾರಿಗೆ ಚುರಮುರಿ ಶೇಷಗಿರಿರಾಯರು ಶಾಕುಂತಲವನ್ನು ಈ ಕಡೆಯ ಆಡುಮಾತಿನ ಸೊಗಸಿನೊಡನೆ ತಂದರು. 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವೂ ಅದರ 'ವಾಗ್ಭೂಷಣ' ಪತ್ರಿಕೆಯೂ ಈ ಕೆಲಸಕ್ಕೆ ನೆಲೆಯಾದುವು.

ಆ ಪತ್ರಿಕೆಯನ್ನು ನಡೆಸಿದವರಲ್ಲಿ ಒಬ್ಬರು ಆಲೂರು ವೆಂಕಟರಾಯರು. ಅವರು 1880ರಲ್ಲಿ ಹುಟ್ಟಿದುದು ವಿಜಾಪುರದಲ್ಲಾದರೂ, ಹೆಸರಿನಲ್ಲಿರುವ ಆಲೂರು ರೋಣ ತಾಲ್ಲೂಕಿನ, ಮಲಪ್ರಭೆಯ ದಂಡೆಯ ಹೊಳೆಆಲೂರು. ಪುಣೆಯಲ್ಲಿ ಓದುತ್ತಿದ್ದಾಗ ಲೋಕಮಾನ್ಯ ತಿಲಕರ ಪ್ರಭಾವಕ್ಕೆ ಒಳಗಾದ ಅವರು, ತಿಲಕರು ಮಂಡಾಲೆಯ ಸೆರೆಮನೆಯಲ್ಲಿ ಮರಾಠಿಯಲ್ಲಿ ಬರೆದು 1915ರಲ್ಲಿ ಪ್ರಕಟಿಸಿದ 'ಗೀತಾರಹಸ್ಯ'ವನ್ನು ಕನ್ನಡಕ್ಕೆ ತಂದರು. ಇದು 'ಕರ್ನಾಟಕ ಗತವೈಭವ'ವನ್ನು 1917ರಲ್ಲಿ ಬರೆದು ಕನ್ನಡಿಗರ ನಿದ್ರೆಯನ್ನು ಕೆಡಿಸಿದವರ ಕೆಲಸವೆಂಬುದನ್ನು ಮರೆಯಬಾರದು. ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಮರಾಠಿಯ ದರ್ಪವು ಕನ್ನಡವನ್ನು ಅದುಮಿದ್ದ ಕಾಲದಲ್ಲಿ, ಆ ದರ್ಪವನ್ನು ಬದುಕಿನುದ್ದಕ್ಕೂ ಎದುರಿಸಿದ ಪುರುಷನೇ ಮರಾಠಿಯ ಮಹಾಗ್ರಂಥವೊಂದನ್ನು ತಲೆಯ ಮೇಲೆ ಹೊತ್ತು ತಂದನು. ಭಾಷೆಯ ಅಧಿಕಾರದೊಡನೆ ವಿಗ್ರಹ, ಭಾಷೆಯ ವಿದ್ಯೆಯೊಡನೆ ಸಂಧಿ. ಈ ವಿವೇಕವನ್ನು ಹೊಳೆಆಲೂರಿನವರಿಂದ ಕಲಿಯಬೇಕು. ಮುಂದೆ ಗೀತೆಯ ವಿಷಯವಾಗಿ ತಮ್ಮ ಸ್ವತಂತ್ರ ಗ್ರಂಥಗಳನ್ನು ಬರೆಯುವಾಗ ಅವರು ನಿಂತು ಮಾತನಾಡಿದುದು ಆ ಭಾಷಾಂತರದ ಶ್ರಮದಿಂದ ಹದವಾದ ನೆಲದ ಮೇಲೆಯೇ.

1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಸ್ಥಾಪಿತವಾಗಿ, ಮರುವರ್ಷ ಧಾರವಾಡಕ್ಕೆ ಬಂದು ನೆಲಸಿದ ಮೇಲೆ, ಇದುವರೆಗೆ ಆಸ್ಥಾನ, ಕಚೇರಿ, ಸಂಘಗಳ ಆಶ್ರಯದಲ್ಲಿ ನಡೆದಿದ್ದ ಕೆಲಸಕ್ಕೆ ವಿದ್ಯಾಪೀಠದ ಆಶ್ರಯವು ದೊರೆಯಿತು. ಆಗ ನೀರಿನ ಹರಿವೇ ತಿರುಗಿತೆನ್ನಬೇಕು: ಅಲ್ಲಿಯವರೆಗೆ ಹೊರಗಿನಿಂದ ಕನ್ನಡಕ್ಕೆ ಬರುತ್ತಿದ್ದುದು ಈಗ ಕನ್ನಡದಿಂದ ಹೊರಕ್ಕೆ ಹೋಗತೊಡಗಿತು. ಅಲ್ಲಮ, ಅಕ್ಕಮಹಾದೇವಿ, ಸಿದ್ಧರಾಮ ಮೊದಲಾದ ಶರಣರ ವಚನಗಳನ್ನು ಸಂವಾದರೂಪದಲ್ಲಿ ಹೆಣೆದ 'ಶೂನ್ಯಸಂಪಾದನೆ'ಯನ್ನು ವಿಶ್ವವಿದ್ಯಾಲಯವು ಇಂಗ್ಲಿಷಿಗೆ ತಂದು, 1965ರಿಂದ 1972ರವರೆಗೆ 5 ಸಂಪುಟಗಳಲ್ಲಿ ಪ್ರಕಟಿಸಿತು. ಮೊದಲನೆಯ ಸಂಪುಟದಲ್ಲಿ ಶಿ. ಚೆ. ನಂದೀಮಠ, ಅರ್ಮಾಂಡೊ ಮೆನೆಜಿಸ್ ಅವರೊಡನೆ ದುಡಿದ ಆರ್. ಸಿ. ಹಿರೇಮಠರು ರೋಣ ತಾಲ್ಲೂಕಿನ ಕುರಡಗಿಯವರು. ಮುಂದಿನ ಕೆಲವು ಸಂಪುಟಗಳಿಗಾಗಿ ಮೆನೆಜಿಸರೊಡನೆ ಕುಳಿತ ಸಂ. ಶಿ. ಭೂಸನೂರಮಠರು ಅದೇ ತಾಲ್ಲೂಕಿನ ನಿಡಗುಂದಿಯವರು. ದುರ್ಗಸಿಂಹನ ಸಯ್ಯಡಿಯಿದ್ದ ನಾಡಿನಿಂದಲೇ, ಒಂಬತ್ತು ಶತಮಾನಗಳ ತರುವಾಯ, ಈ ಇಬ್ಬರು ಹೊರಟುಬಂದುದನ್ನು ಬರಿಯ ಕಾಕತಾಳೀಯವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ಭೂಸನೂರಮಠ-ಮೆನೆಜಿಸರ ಕೆಲಸದ ರೀತಿಯೂ ವಿಚಾರಾರ್ಹವಾದುದು. ಮೆನೆಜಿಸರು ಗೋವೆಯ ಮೂಲದವರು, ಇಂಗ್ಲಿಷಿನ ಕವಿಗಳು. ಭೂಸನೂರಮಠರು 'ಶೂನ್ಯಸಂಪಾದನೆಯ ಪರಾಮರ್ಶೆ'ಯನ್ನು ಬರೆದ, ಶರಣದರ್ಶನದಲ್ಲಿ ಮುಳುಗಿದ ಕನ್ನಡ ಕವಿಗಳು. ಒಬ್ಬರು ಬಿಡಿಸಿ ಹೇಳುವುದು, ಇನ್ನೊಬ್ಬರು ಕೂಡಿಸಿ ನುಡಿಯುವುದು. ಒಬ್ಬರಲ್ಲಿ ವಿಗ್ರಹ, ಇನ್ನೊಬ್ಬರಲ್ಲಿ ಸಂಧಿ. 'ಬಯಲು' ಎಂಬ ಒಂದು ಪದವನ್ನೇ ತೆಗೆದುಕೊಳ್ಳಿರಿ. ರೋಣದ ಒಕ್ಕಲಿಗನಿಗೆ ಅದು ಕಣ್ಣು ಹರಿಯುವಷ್ಟು ದೂರ ಮರವೊಂದೂ ಅಡ್ಡಬಾರದ ಎರೆಯ ನೆಲ. ಅಲ್ಲಮನಿಗೆ ಅದು ನಾಮರೂಪಗಳೆಲ್ಲ ಕರಗಿದ ಮೇಲೆ ಉಳಿಯುವ ನಿಲುವು. ಇಂಗ್ಲಿಷಿನ ಯಾವ ಒಂದು ಪದವೂ ಈ ಎರಡನ್ನೂ ಒಟ್ಟಿಗೆ ಹೊರಲಾರದು. ಶೂನ್ಯವೆಂಬ ಅರ್ಥದ ಪದವನ್ನಿಟ್ಟರೆ ನೆಲವು ಜಾರುವುದು, ಮೈದಾನವೆಂಬ ಅರ್ಥದ ಪದವನ್ನಿಟ್ಟರೆ ದರ್ಶನವು ಜಾರುವುದು. ಇಂತಹ ಪದಗಳ ಮುಂದೆ ನಿಂತಾಗಲೇ ಭಾಷಾಂತರಕಾರನಿಗೆ ತನ್ನ ಮನೆಮಾತಿನ ಆಳವು ಕಾಣುವುದು. ಬಯಲ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಅದು ಮೊದಲೇ ಮೈಗೆ ಗೊತ್ತಿರುವ ಆಳ.

ಇಂದು ತೌಲನಿಕ ಸಾಹಿತ್ಯವನ್ನೋ ಭಾಷಾಂತರವನ್ನೋ ಓದುವ ನಮ್ಮ ವಿದ್ಯಾರ್ಥಿಗಳಿಗೆ ಪಶ್ಚಿಮದ ಸಿದ್ಧಾಂತಗಳ ಪರಿಚಯವು ಬೇಡವೆಂದು ನಾನು ಹೇಳಲಾರೆ. ಬೆನ್ಫೈ, ಹರ್ಟೆಲರು ಇಲ್ಲದಿದ್ದರೆ ದುರ್ಗಸಿಂಹನ ಬೆಲೆಯು ನಮಗೂ ಇಷ್ಟು ತಿಳಿಯುತ್ತಿರಲಿಲ್ಲ. ಆದರೆ ಆ ಸಿದ್ಧಾಂತಗಳನ್ನು ಓದುವ ಮೊದಲ ವರ್ಷದಲ್ಲಿಯೇ ಕನ್ನಡ ಪಂಚತಂತ್ರದ ಒಂದು ತಂತ್ರವನ್ನು ಸಂಸ್ಕೃತದ ಒಂದು ಪಾಠದೊಡನೆಯೂ ಅರಬ್ಬಿಯ ಒಂದು ಭಾಷಾಂತರದೊಡನೆಯೂ ಎದುರೆದುರು ಇಟ್ಟು ಓದಿಸಬೇಕು. ಗೀತಾರಹಸ್ಯದ ಒಂದು ಪ್ರಕರಣವನ್ನು ಮರಾಠಿ-ಕನ್ನಡಗಳೆರಡರಲ್ಲಿಯೂ ಓದಿಸಬೇಕು. ಶೂನ್ಯಸಂಪಾದನೆಯ ಒಂದು ಪುಟದ ಮುಂದೆ ಮೆನೆಜಿಸರ ಇಂಗ್ಲಿಷನ್ನು ಇಟ್ಟು, ಏನು ಉಳಿಯಿತು, ಏನು ಜಾರಿತು, ಯಾವುದು ಹೊಸತಾಗಿ ಹುಟ್ಟಿತು ಎಂದು ಕೇಳಬೇಕು. ಈ ಮೂರು ಪಾಠಗಳಿಗೂ ಬೇಕಾದ ಹೊತ್ತಗೆಗಳು ರೋಣದಿಂದ ಒಂದು ದಿನದ ದಾರಿಯೊಳಗೆ ಇವೆ. ಅವುಗಳನ್ನು ಓದಿ ಮುಗಿಸಿದ ಮೇಲೆ ಒಮ್ಮೆ ಸವಡಿಗೂ ಹೊಳೆಆಲೂರಿಗೂ ನಿಡಗುಂದಿಗೂ ಹೋಗಿಬರಬೇಕು. ಅಲ್ಲಿ ನೋಡಲು ದೊಡ್ಡ ಸ್ಮಾರಕವಿರಲಿ, ಇಲ್ಲದಿರಲಿ, ಇಂತಹ ಮಣ್ಣಿನಲ್ಲಿ ನಡೆದಾಡಿದವರು ಪೈಶಾಚಿಯ ಕಥೆಯನ್ನು ಕನ್ನಡಕ್ಕೂ, ಮಂಡಾಲೆಯ ಸೆರೆಮನೆಯ ಚಿಂತನೆಯನ್ನು ಕನ್ನಡಕ್ಕೂ, ಕಲ್ಯಾಣದ ಅನುಭಾವವನ್ನು ಜಗತ್ತಿಗೂ ದಾಟಿಸಿದರೆಂಬ ಅರಿವಿನಿಂದ, ತಾವು ಮುಂದೆ ತರ್ಜುಮೆಮಾಡಲಿರುವ ಪ್ರತಿಯೊಂದು ವಾಕ್ಯಕ್ಕೂ ಒಂದು ಊರಿನ ಋಣವಿದೆಯೆಂಬುದು ಆ ತರುಣರ ಮನಸ್ಸಿಗೆ ನಾಟಿದರೆ, ವಿಶ್ವವಿದ್ಯಾಲಯವು ಕೊಡುವ ಪದವಿಯು ಸಾರ್ಥಕವಾಗುವುದು.